ಸೊನ್ನೆ ಸಾಲು ಯಾಕೆ ಬಂತು? ಎಸ್‌ಕ್ಯೂಎಲ್‌ನ ಹಳೇ ಜಗಳ, ನಮ್ಮ ಇವತ್ತಿನ ಎರರ್

ಭಾಗ 1

ಮೊದಲು ಈ ಕ್ವೆರಿ ಓದಿ. (ಕೋಡನ್ನೂ ಕನ್ನಡ ಲಿಪಿಯಲ್ಲೇ ಬರೀತಿದ್ದೀನಿ. ಲ್ಯಾಬ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್‌ನಲ್ಲೇ ಹೊಡೀರಿ ಮತ್ತೆ!)

ಸೆಲೆಕ್ಟ್ ಹೆಸರು
ಫ್ರಮ್ ವಿದ್ಯಾರ್ಥಿ
ವೇರ್ ಯುಎಸ್‌ಎನ್ ನಾಟ್ ಇನ್
(ಸೆಲೆಕ್ಟ್ ಯುಎಸ್‌ಎನ್ ಫ್ರಮ್ ದಾಖಲೆ)

ಅರ್ಥ ಸುಲಭ. ದಾಖಲೆ ಟೇಬಲ್‌ನಲ್ಲಿ ಯಾರ ಯುಎಸ್‌ಎನ್ ಇಲ್ಲವೋ ಅವರ ಹೆಸರು ಕೊಡು. ತಪ್ಪೇನಾದ್ರೂ ಕಾಣ್ತಾ? ನನಗೂ ಕಾಣಲಿಲ್ಲ.

ನಾನು ಆರನೇ ಸೆಮ್‌ನಲ್ಲಿದ್ದಾಗಿನ ಕಥೆ. ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಕೊಡೋಕೆ ಕೊನೇ ದಿನ ಹತ್ತಿರ ಬಂದಿತ್ತು. ಯಾರು ಕೊಟ್ಟಿಲ್ಲ ಅಂತ ನೋಡಿ, ಅವರಿಗೆ ಫೋನ್ ಮಾಡೋಣ ಅಂತ ನಮ್ಮಲ್ಲೇ ನಾಲ್ಕು ಜನ ಸೇರಿ ಒಂದು ಸಣ್ಣ ಡೇಟಾಬೇಸ್ ಮಾಡಿದ್ವಿ. ಡಿಬಿಎಂಎಸ್ ಲ್ಯಾಬ್‌ನಲ್ಲಿ ನನಗೆ ಒಳ್ಳೆ ಮಾರ್ಕ್ಸ್ ಬಂದಿತ್ತಲ್ಲ, ಕ್ವೆರಿ ಬರೆಯೋ ಕೆಲಸ ನನಗೇ ಬಿತ್ತು. ಮೇಲಿನದ್ದನ್ನೇ ಬರೆದೆ. ಓಡಿಸಿದೆ. ಎರರ್ ಇಲ್ಲ. ಉತ್ತರ: 0 ಸಾಲು.

"ಎಲ್ಲರೂ ಕೊಟ್ಟಿದ್ದಾರೆ ಕಣ್ರೋ" ಅಂದೆ. ಖುಷಿಯಲ್ಲಿ ಕ್ಯಾಂಟೀನಿಗೆ ಹೋಗಿ ಟೀ ಕುಡಿದ್ವಿ. ಫೋನ್ ಯಾರಿಗೂ ಹೋಗಲಿಲ್ಲ. ಎರಡು ದಿನ ಆದಮೇಲೆ ಒಬ್ಬ ಜೂನಿಯರ್ ಬಂದು, "ಅಕ್ಕಾ, ನೀವು ಫೋನ್ ಮಾಡ್ತೀರಿ ಅಂದಿದ್ರಲ್ಲ, ಕಾಯ್ತಾ ಇದ್ದೆ" ಅಂದ. ಅಷ್ಟೊತ್ತಿಗೆ ಕೊನೇ ದಿನ ಮುಗಿದಿತ್ತು.

ಆ ಸೊನ್ನೆ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದ್ರೆ ಅದು ನನ್ನ ಲ್ಯಾಪ್‌ಟಾಪ್‌ಗೆ ನಿಲ್ಲಲ್ಲ. 1970ರ ದಶಕದ ಕ್ಯಾಲಿಫೋರ್ನಿಯಾಗೆ ಹೋಗಿ ನಿಲ್ಲುತ್ತೆ. ಈ ಸರಣಿ ಅದರ ಬಗ್ಗೆ.

ಭಾಗ 2

ಟೇಬಲ್, ರೋ, ಕಾಲಮ್ ಅನ್ನೋದು ನಮಗೆ ಎಷ್ಟು ಸಹಜ ಅಂದ್ರೆ, ಮೊದಲಿನಿಂದಲೂ ಹೀಗೇ ಇತ್ತೇನೋ ಅನ್ಸುತ್ತೆ. ಇರಲಿಲ್ಲ.

1960ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚಾರ್ಲ್ಸ್ ಬಾಕ್‌ಮನ್ ಎಂಬವರು ಐಡಿಎಸ್ ಅನ್ನೋ ವ್ಯವಸ್ಥೆ ಕಟ್ಟಿದರು. ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿ, ಅಲ್ಲಿಂದ ಮತ್ತೊಂದಕ್ಕೆ ಕೊಂಡಿ. ಸರಪಳಿ ಥರ. ಅದೇ ದಶಕದಲ್ಲಿ ಐಬಿಎಂ ಕಂಪನಿ ಚಂದ್ರನ ಮೇಲೆ ಮನುಷ್ಯನನ್ನು ಇಳಿಸುವ ಅಪೋಲೊ ಯೋಜನೆಯ ಕೆಲಸಕ್ಕಾಗಿ ಐಎಂಎಸ್ ಅನ್ನು ಬೆಳೆಸಿತು. ರಾಕೆಟ್ಟಿನ ಲೆಕ್ಕವಿಲ್ಲದಷ್ಟು ಬಿಡಿಭಾಗಗಳ ಪಟ್ಟಿ ಇಡಬೇಕಿತ್ತಲ್ಲ. ಅದರಲ್ಲಿ ದಾಖಲೆಗಳು ಮರದ ಹಾಗೆ: ಮೇಲೊಂದು ಬೇರು, ಕೆಳಗೆ ಕೊಂಬೆಗಳು.

ಈಗ ನಮ್ಮ ಪ್ರಶ್ನೆಯನ್ನೇ ಅಲ್ಲಿ ಕೇಳಿ ನೋಡಿ. "ದಾಖಲೆ ಕೊಡದವರು ಯಾರು?" ಕ್ವೆರಿ ಅನ್ನೋದೇ ಇಲ್ಲ. ಪ್ರೋಗ್ರಾಂ ಬರೀಬೇಕು. ಮೊದಲ ವಿಭಾಗಕ್ಕೆ ಹೋಗು, ಅದರ ಮೊದಲ ವಿದ್ಯಾರ್ಥಿಗೆ ಹೋಗು, ಅವನ ದಾಖಲೆಯ ಕೊಂಡಿ ಖಾಲಿಯಾ ನೋಡು, ಮುಂದಿನವನಿಗೆ ಹೋಗು... ಹೀಗೆ ದಾರಿ ಪೂರ್ತಿ ನೀವೇ ನಡೀಬೇಕು. 1973ರಲ್ಲಿ ಬಾಕ್‌ಮನ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಅವರು ಮಾಡಿದ ಭಾಷಣದ ವಿಷಯವೇ ಇದು: ಪ್ರೋಗ್ರಾಮರ್ ಅಂದ್ರೆ ನಾವಿಕ, ಡೇಟಾ ಸಮುದ್ರದಲ್ಲಿ ದಾರಿ ಹುಡುಕುವವನು.

ಕೇಳೋಕೆ ಚೆನ್ನಾಗಿದೆ. ಆದ್ರೆ ನಾಳೆ ಯಾರೋ ಕೊಂಡಿಗಳ ಜೋಡಣೆ ಬದಲಿಸಿದ್ರೆ? ಹಳೇ ದಾರಿ ನಂಬಿದ ಪ್ರೋಗ್ರಾಂಗಳೆಲ್ಲ ಕೆಟ್ಟು ಕೂರುತ್ತಿದ್ದವು.

ಭಾಗ 3

ಇಲ್ಲಿ ಬರ್ತಾರೆ ಎಡ್ಗರ್ ಕಾಡ್. (ಹೌದು, ಕನ್ನಡದಲ್ಲಿ ಬರೆದ್ರೆ ಕಾಡೋ ಹೆಸರೇ. ನಾರ್ಮಲೈಸೇಶನ್ ಓದಿದವರಿಗೆ ಗೊತ್ತು.)

1923ರಲ್ಲಿ ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯ ಪೋರ್ಟ್‌ಲ್ಯಾಂಡ್‌ನಲ್ಲಿ ಹುಟ್ಟಿದವರು. ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದಿ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ ಐಬಿಎಂ ಸೇರಿದರು. 1953ರಲ್ಲಿ ಸೆನೆಟರ್ ಮೆಕಾರ್ಥಿಯ ಕಮ್ಯುನಿಸ್ಟ್ ಬೇಟೆ ನೋಡಿ ಬೇಸತ್ತು ಕೆನಡಾಕ್ಕೆ ಹೋಗಿಬಿಟ್ಟರು. ಕೆಲವು ವರ್ಷ ಬಿಟ್ಟು ವಾಪಸ್ ಬಂದರು. ಪಿಎಚ್‌ಡಿ ಮುಗಿಸಿದ್ದು 1965ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಿಂದ. ಆಗ ಅವರ ವಯಸ್ಸು 40 ದಾಟಿತ್ತು. ಬ್ಯಾಕ್‌ಲಾಗ್ ಇದೆ ಅಂತ ಅಳೋ ಗೆಳೆಯರೇ, ಗಮನಿಸಿ.

ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾಲಯದಲ್ಲಿ ಕೂತು ಅವರು ಕೇಳಿದ ಪ್ರಶ್ನೆ ಇಷ್ಟೇ: ಡೇಟಾ ಬೇಕಾದವನಿಗೆ ಅದು ಎಲ್ಲಿದೆ, ಯಾವ ದಾರೀಲಿ ಹೋಗಬೇಕು ಅನ್ನೋದು ಯಾಕೆ ಗೊತ್ತಿರಬೇಕು? 1970ರ ಜೂನ್‌ನಲ್ಲಿ ಎಸಿಎಂ ಸಂಸ್ಥೆಯ ಪತ್ರಿಕೆಯಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಎಲ್ಲವನ್ನೂ ಟೇಬಲ್ ಆಗಿ ಇಡಿ. ಕೊಂಡಿ ಬೇಡ, ಮೌಲ್ಯದ ಮೇಲೇ ಒಂದನ್ನೊಂದು ಜೋಡಿಸಿ. ಸಾಲುಗಳಿಗೆ ಹಿಂದೆಮುಂದೆ ಅನ್ನೋ ಕ್ರಮವಿಲ್ಲ. ಏನು ಬೇಕು ಅಂತ ಮಾತ್ರ ಹೇಳಿ, ಹೇಗೆ ತರಬೇಕು ಅನ್ನೋದು ಯಂತ್ರದ ಪಾಡು.

ಒಂದು ಕ್ಷಣ ಇಲ್ಲಿ ನಿಲ್ಲಿ. ಸಾಲುಗಳಿಗೆ ಕ್ರಮವಿಲ್ಲ ಅಂದೆನಲ್ಲ? ನಿಮ್ಮ ಕ್ವೆರಿ ಒಂದೊಂದು ಸಲ ಒಂದೊಂದು ಕ್ರಮದಲ್ಲಿ ಉತ್ತರ ಕೊಟ್ರೆ ಅದು ಬಗ್ ಅಲ್ಲ. ಆರ್ಡರ್ ಬೈ ಹಾಕದೆ ಕ್ರಮ ಕೇಳೋ ಹಕ್ಕು ನಮಗೆ 1970ರಿಂದಲೂ ಇಲ್ಲ.

ಭಾಗ 4

ಐಬಿಎಂಗೆ ಇದು ಅಷ್ಟೇನೂ ಸಿಹಿಸುದ್ದಿ ಆಗಿರಲಿಲ್ಲ. ಐಎಂಎಸ್ ಚೆನ್ನಾಗಿ ಮಾರಾಟ ಆಗ್ತಿತ್ತು. ಜೊತೆಗೆ ಕಾಡ್ ಬರೆಯುತ್ತಿದ್ದ ಭಾಷೆ ಪೂರ್ತಿ ಗಣಿತ: ತಲೆಕೆಳಗಾದ ಎ, ತಿರುಗಿಸಿಟ್ಟ ಇ. ಡಿಸ್ಕ್ರೀಟ್ ಮ್ಯಾಥ್ಸ್ ಕ್ಲಾಸಲ್ಲಿ ನಮ್ಮ ಮುಖ ಹೇಗಿರುತ್ತೋ, ಆಗಿನ ಎಂಜಿನಿಯರ್‌ಗಳ ಮುಖವೂ ಹಾಗೇ ಇದ್ದಿರಬೇಕು.

ಆದರೆ ಒಂದು ಸೆಮಿನಾರ್‌ನಲ್ಲಿ ಕಾಡ್ ತೋರಿಸಿದ ಉದಾಹರಣೆಗಳು ಡಾನ್ ಚೇಂಬರ್ಲಿನ್ ಎಂಬ ಯುವಕನ ತಲೆಯಲ್ಲಿ ಕೂತವು. ತಮ್ಮ ಮ್ಯಾನೇಜರ್‌ಗಿಂತ ಹೆಚ್ಚು ಸಂಬಳ ಪಡೆಯುವ ನೌಕರರು ಯಾರು? ಕೊಂಡಿಗಳ ವ್ಯವಸ್ಥೆಯಲ್ಲಿ ಇದಕ್ಕೆ ಪುಟಗಟ್ಟಲೆ ಪ್ರೋಗ್ರಾಂ ಬೇಕು. ಕಾಡ್ ಒಂದೇ ಸಾಲಲ್ಲಿ ಬರೆದರು.

ಪ್ರಶ್ನೆ ಗುರುತು ಸಿಕ್ತಾ? ಲೀಟ್‌ಕೋಡ್‌ನಲ್ಲಿ, ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ಇವತ್ತಿಗೂ ಕೇಳ್ತಾರಲ್ಲ, ಅದೇ! ಅರ್ಧ ಶತಮಾನ ಹಳೇ ಪ್ರಶ್ನೆ. ಬಿಡಿಸೋ ಗುಟ್ಟು ಇಷ್ಟೇ: ಒಂದೇ ಟೇಬಲ್‌ನ ಎರಡು ಪ್ರತಿ ಮುಂದಿದೆ ಅಂದುಕೊಳ್ಳಿ. ಒಂದರಲ್ಲಿ ನೌಕರನಾಗಿ ಓದಿ, ಇನ್ನೊಂದರಲ್ಲಿ ಮ್ಯಾನೇಜರ್ ಆಗಿ ಓದಿ.

ಸೆಲೆಕ್ಟ್ ನೌ.ಹೆಸರು
ಫ್ರಮ್ ನೌಕರ ನೌ
ಜಾಯಿನ್ ನೌಕರ ಮ್ಯಾ
ಆನ್ ನೌ.ಮ್ಯಾನೇಜರ್_ಐಡಿ = ಮ್ಯಾ.ಐಡಿ
ವೇರ್ ನೌ.ಸಂಬಳ > ಮ್ಯಾ.ಸಂಬಳ

ಚೇಂಬರ್ಲಿನ್‌ಗೆ ಜೊತೆಯಾದವರು ರೇ ಬಾಯ್ಸ್. ಇಬ್ಬರೂ ಒಂದು ಆಟ ಆಡುತ್ತಿದ್ದರು: ಒಬ್ಬ ಒಂದು ಪ್ರಶ್ನೆ ಹಾಕಬೇಕು, ಅದನ್ನು ಹೇಳೋಕೆ ಚಂದದ ಭಾಷೆ ಹುಡುಕಬೇಕು. ಮೊದಲು ಸ್ಕ್ವೇರ್ ಅಂತ ಒಂದು ಮಾಡಿದರು. ಅದರಲ್ಲಿ ಅಕ್ಷರದ ಕೆಳಗೆ ಸಣ್ಣ ಅಕ್ಷರ ಬರೀಬೇಕಿತ್ತು, ಕೀಬೋರ್ಡ್‌ನಲ್ಲಿ ಹೊಡೆಯೋಕೇ ಆಗ್ತಿರಲಿಲ್ಲ. ಹಾಗಾಗಿ ಅದನ್ನು ಬಿಟ್ಟು, ಸಾದಾ ಇಂಗ್ಲಿಷ್ ಪದಗಳ ಸೀಕ್ವೆಲ್ ಬಂತು. ಆಟಿಕೆ ವಿಭಾಗದ ನೌಕರರ ಹೆಸರು ಕೊಡು, ಅನ್ನೋ ಥರದ ಉದಾಹರಣೆಗಳು.

ಭಾಗ 5

1974ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಒಂದು ಸಭೆ. ಒಂದು ಕಡೆ ಬಾಕ್‌ಮನ್, ಇನ್ನೊಂದು ಕಡೆ ಕಾಡ್. ಎರಡು ಪಂಥಗಳ ಮುಖಾಮುಖಿ ಚರ್ಚೆ. ಅದೇ ಸಭೆಯಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಹೆಸರಿನ ಸೀಕ್ವೆಲ್ ಪ್ರಬಂಧವೂ ಮಂಡನೆಯಾಯಿತು. ಎಲ್ಲರ ಕಣ್ಣು ದೊಡ್ಡವರ ಜಗಳದ ಮೇಲೆ. ಅರ್ಧ ಪ್ರಪಂಚ ಮುಂದೆ ಬಳಸಲಿದ್ದ ಭಾಷೆ ಪಕ್ಕದಲ್ಲಿ ಸದ್ದಿಲ್ಲದೆ ಹುಟ್ಟಿತ್ತು.

ಅದೇ ವರ್ಷ ರೇ ಬಾಯ್ಸ್ ಮೆದುಳಿನ ರಕ್ತನಾಳ ಒಡೆದು ತೀರಿಕೊಂಡರು. ಮೂವತ್ತೂ ತುಂಬಿರಲಿಲ್ಲ. ಪರೀಕ್ಷೆ ಹಿಂದಿನ ರಾತ್ರಿ ನಾವು ಬೈಕೊಂಡು ಓದೋ ಬಿಸಿಎನ್‌ಎಫ್ ಇದೆಯಲ್ಲ, ಬಾಯ್ಸ್-ಕಾಡ್ ನಾರ್ಮಲ್ ಫಾರ್ಮ್, ಅದರ ಬಿ ಇವರೇ. ಇದು ಗೊತ್ತಾದ ಮೇಲೆ ನಾನು ಬಿಸಿಎನ್‌ಎಫ್‌ಗೆ ಬೈಯೋದು ಸ್ವಲ್ಪ ಕಡಿಮೆ ಮಾಡಿದ್ದೀನಿ.

ಇನ್ನೊಂದು ವಿಷಯ ಇಷ್ಟ ಆಯ್ತು. ಈ ಭಾಷೆ ನಿಜವಾಗಿ ಕಲಿಯೋಕೆ ಸುಲಭವಾ ಅಂತ ಪರೀಕ್ಷಿಸಲು ಫಿಲ್ಲಿಸ್ ರೈಸ್ನರ್ ಎಂಬ ಸಂಶೋಧಕಿ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ಸ್ಕ್ವೇರ್ ಮತ್ತು ಸೀಕ್ವೆಲ್ ಎರಡನ್ನೂ ಕಲಿಸಿ ಟೆಸ್ಟ್ ಇಟ್ಟರು. ಪ್ರೋಗ್ರಾಮಿಂಗ್ ಬರುವವರೂ ಇದ್ದರು, ಬಾರದವರೂ ಇದ್ದರು. ಅಂದ್ರೆ ಎಸ್‌ಕ್ಯೂಎಲ್‌ನ ಮೊದಲ ಇಂಟರ್ನಲ್ಸ್ ಬರೆದವರು ನಮ್ಮಂಥವರೇ. ಯಾವ ಥರದ ತಪ್ಪು ಎಲ್ಲಿ ಮಾಡ್ತಾರೆ ಅಂತ ಆಗಲೇ ಯಾರೋ ಕೂತು ಲೆಕ್ಕ ಹಾಕಿದ್ರು ಅನ್ನೋದೇ ನನಗೆ ಸಮಾಧಾನ.

ಆದರೆ ಇಂಗ್ಲಿಷ್ ವಾಕ್ಯದ ಹಾಗೆ ಓದಿಸಿಕೊಳ್ಳಲಿ ಅನ್ನೋ ಆಸೆಗೆ ಒಂದು ಬೆಲೆ ತೆತ್ತರು. ಸೆಲೆಕ್ಟ್ ಮೊದಲು ಬಂತು. ಲೆಕ್ಕದ ಪ್ರಕಾರ ಮೊದಲು ಆಗೋದು ಫ್ರಮ್, ಆಮೇಲೆ ವೇರ್, ಗ್ರೂಪ್ ಬೈ, ಹ್ಯಾವಿಂಗ್. ಇವೆಲ್ಲ ಆದಮೇಲೆ ಸೆಲೆಕ್ಟ್, ಕೊನೆಗೆ ಆರ್ಡರ್ ಬೈ. ಸೆಲೆಕ್ಟ್‌ನಲ್ಲಿ "ಒಟ್ಟು" ಅಂತ ಹೆಸರಿಟ್ಟು ವೇರ್‌ನಲ್ಲಿ ಅದನ್ನೇ ಬಳಸಿದ್ರೆ "ಅಂಥ ಕಾಲಮ್ ಇಲ್ಲ" ಅಂತ ಉಗಿಯುತ್ತಲ್ಲ? ವೇರ್ ಓಡುವ ಹೊತ್ತಿಗೆ ಆ ಹೆಸರು ಇನ್ನೂ ಹುಟ್ಟೇ ಇರಲ್ಲ. ಆರ್ಡರ್ ಬೈನಲ್ಲಿ ಅದೇ ಹೆಸರು ನಡೆಯುತ್ತೆ, ಯಾಕಂದ್ರೆ ಅಷ್ಟೊತ್ತಿಗೆ ನಾಮಕರಣ ಆಗಿರುತ್ತೆ.

ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ತಂಡ ಇಂಗ್ರೆಸ್ ಅನ್ನುವ ಪ್ರತಿಸ್ಪರ್ಧಿ ವ್ಯವಸ್ಥೆ ಕಟ್ಟುತ್ತಿತ್ತು. ಅವರ ಕ್ವೆಲ್ ಭಾಷೆಯಲ್ಲಿ ಯಾವ ಟೇಬಲ್ ಅನ್ನೋದನ್ನು ಮೊದಲು ಹೇಳಿ, ಆಮೇಲೆ ಏನು ಬೇಕು ಅಂತ ಹೇಳುತ್ತಿದ್ದರು. ನನ್ನ ಕೇಳಿದ್ರೆ ಆ ಕ್ರಮವೇ ಸರಿ. ಆದ್ರೆ ಗೆದ್ದಿದ್ದು ಎಸ್‌ಕ್ಯೂಎಲ್. ಒಂದು ಸಮಾಧಾನ ಅಂದ್ರೆ, ಇಂಗ್ರೆಸ್ ಆದಮೇಲೆ ಅದೇ ಬರ್ಕ್ಲಿಯಲ್ಲಿ ಬಂದ ಪೋಸ್ಟ್‌ಗ್ರೆಸ್ ಇವತ್ತು ಎಲ್ಲೆಲ್ಲೂ ಇದೆ. ನೀವು ಈಗ ಸ್ಕ್ರೋಲ್ ಮಾಡ್ತಿರೋ ಇನ್‌ಸ್ಟಾಗ್ರಾಂ ಬೆಳೆದದ್ದೂ ಪೋಸ್ಟ್‌ಗ್ರೆಸ್ ಮೇಲೇ.

ಭಾಗ 6

"ಹೇಗೆ ತರಬೇಕು ಅನ್ನೋದು ಯಂತ್ರದ ಪಾಡು" ಅಂತ ಕಾಡ್ ಹೇಳಿಬಿಟ್ಟರು. ಸರಿ, ಯಂತ್ರಕ್ಕೆ ಅದನ್ನು ಕಲಿಸೋರು ಯಾರು?

ಸ್ಯಾನ್ ಹೋಸೆಯಲ್ಲೇ ಸಿಸ್ಟಮ್ ಆರ್ ಅನ್ನುವ ಯೋಜನೆ ಶುರುವಾಯಿತು, ಇದು ಬರೀ ಗಣಿತ ಅಲ್ಲ, ನಿಜಕ್ಕೂ ಓಡುತ್ತೆ ಅಂತ ತೋರಿಸೋಕೆ. ಅದರಲ್ಲಿ ಪ್ಯಾಟ್ ಸೆಲಿಂಜರ್ ಎಂಬ ಸಂಶೋಧಕಿ ಮತ್ತು ಜೊತೆಗಾರರು ಮಾಡಿದ ಕೆಲಸ 1979ರಲ್ಲಿ ಪ್ರಕಟವಾಯಿತು. ಒಂದೇ ಕ್ವೆರಿಗೆ ಹಲವು ದಾರಿ ಇರುತ್ತೆ. ಯಾವ ಟೇಬಲ್ ಮೊದಲು ಓದಬೇಕು, ಇಂಡೆಕ್ಸ್ ಬಳಸಬೇಕಾ ಬೇಡ್ವಾ, ಪ್ರತಿಯೊಂದಕ್ಕೂ ಅಂದಾಜು ಖರ್ಚು ಹಾಕಿ ಅಗ್ಗದ್ದನ್ನು ಆರಿಸು. ಮದುವೆ ಅಡುಗೆಗೆ ಮುಂಚೆ ಭಟ್ಟರು ಎಷ್ಟು ಜನ ಬರ್ತಾರೆ ಅಂತ ಕೇಳಿ ಪಾತ್ರೆ ಇಳಿಸೋ ಹಾಗೆ. ಅಂದಾಜು ತಪ್ಪಿದ್ರೆ ಪಾತ್ರೆಯೂ ತಪ್ಪು. ನಿಮ್ಮ ಕ್ವೆರಿ ನಿನ್ನೆ ಕ್ಷಣದಲ್ಲಿ ಬಂದು ಇವತ್ತು ತೆವಳ್ತಾ ಇದ್ರೆ, ಮೊದಲು ಎಕ್ಸ್‌ಪ್ಲೇನ್ ಅಂತ ಮುಂದೆ ಹಾಕಿ ಓಡಿಸಿ. ಯಂತ್ರ ಯಾವ ದಾರಿ ಹಿಡಿದಿದೆ ಅಂತ ಹೇಳುತ್ತೆ.

ನಮ್ಮ ಬೆಂಗಳೂರಿಗೂ ಇದರಲ್ಲೊಂದು ನಂಟಿದೆ. ಐಐಎಸ್‌ಸಿಯಲ್ಲಿ ಜಯಂತ್ ಹರಿತ್ಸ ಅವರ ಡೇಟಾಬೇಸ್ ಪ್ರಯೋಗಾಲಯ, ಆಪ್ಟಿಮೈಸರ್ ಯಾವ ಸಂದರ್ಭದಲ್ಲಿ ಯಾವ ದಾರಿ ಆರಿಸುತ್ತೆ ಅನ್ನೋದನ್ನು ಬಣ್ಣದ ಚಿತ್ರವಾಗಿ ಬಿಡಿಸುವ ಸಾಧನ ಮಾಡಿತು. ಆ ಚಿತ್ರಗಳು ಮಾಡರ್ನ್ ಆರ್ಟ್ ಥರ ಕಾಣೋದ್ರಿಂದ ಅದರ ಹೆಸರೇ ಪಿಕಾಸೊ.

ಭಾಗ 7

ಹೆಸರಿನ ಕಥೆ ಬೇಗ ಮುಗಿಸ್ತೀನಿ. ಸೀಕ್ವೆಲ್ ಅನ್ನೋ ಹೆಸರನ್ನು ಹಾಕರ್ ಸಿಡ್ಲಿ ಎಂಬ ಬ್ರಿಟಿಷ್ ವಿಮಾನ ಕಂಪನಿ ಮೊದಲೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತ್ತು. ಸ್ವರಗಳನ್ನು ಕಿತ್ತುಹಾಕಿ ಎಸ್‌ಕ್ಯೂಎಲ್ ಮಾಡಿದರು. ಸೀಕ್ವೆಲ್ ಅನ್ಬೇಕಾ, ಎಸ್-ಕ್ಯೂ-ಎಲ್ ಅನ್ಬೇಕಾ ಅಂತ ಹಾಸ್ಟೆಲ್‌ನಲ್ಲಿ ಜಗಳ ಆಡೋರಿಗೆ: ಇಬ್ಬರದ್ದೂ ಸರಿ, ಮಲಗಿ.

ಐಬಿಎಂ ತನ್ನ ಪ್ರಬಂಧಗಳನ್ನು ಬಚ್ಚಿಡದೆ ಪ್ರಕಟಿಸುತ್ತಿತ್ತು. ಅದನ್ನು ಓದಿದವರಲ್ಲಿ ಲ್ಯಾರಿ ಎಲಿಸನ್ ಒಬ್ಬರು. 1977ರಲ್ಲಿ ಬಾಬ್ ಮೈನರ್, ಎಡ್ ಓಟ್ಸ್ ಜೊತೆ ಸೇರಿ ಕಂಪನಿ ಶುರು ಮಾಡಿ, 1979ರಲ್ಲೇ ಆರಕಲ್ ಮಾರಾಟಕ್ಕೆ ತಂದರು. ಮೊದಲು ಬಂದದ್ದೇ ಆವೃತ್ತಿ 2! ಆವೃತ್ತಿ 1 ಅನ್ನೋದನ್ನು ಯಾರು ಕೊಳ್ತಾರೆ ಅಂತ. ಕಂಡುಹಿಡಿದ ಐಬಿಎಂ 1981ರಲ್ಲಿ ಎಸ್‌ಕ್ಯೂಎಲ್/ಡಿಎಸ್, 1983ರಲ್ಲಿ ಡಿಬಿ2 ಬಿಡುಗಡೆ ಮಾಡಿತು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿ ಇದನ್ನು ಸ್ಟ್ಯಾಂಡರ್ಡ್ ಅಂತ ಒಪ್ಪಿತು, ಮರುವರ್ಷ ಐಎಸ್‌ಒ ಕೂಡ.

ಸ್ಟ್ಯಾಂಡರ್ಡ್ ಅಂದ ಮಾತ್ರಕ್ಕೆ ಎಲ್ಲರೂ ಒಂದೇ ಥರ ಬರೆದರು ಅಂತ ಅಲ್ಲ. ಆಗ ಜಾಯಿನ್ ಅನ್ನೋ ಪದವೇ ಭಾಷೆಯಲ್ಲಿರಲಿಲ್ಲ. ಫ್ರಮ್ ಆದಮೇಲೆ ಟೇಬಲ್‌ಗಳನ್ನು ಕಾಮಾ ಹಾಕಿ ಬರೆದು, ಜೋಡಿಸೋ ಷರತ್ತನ್ನು ವೇರ್‌ನಲ್ಲಿ ಇಡಬೇಕಿತ್ತು. ಒಂದು ಷರತ್ತು ಮರೆತ್ರೆ ಮುಗೀತು: 1,200 ವಿದ್ಯಾರ್ಥಿ, 40 ವಿಷಯ, ಪರದೆ ಮೇಲೆ 48,000 ಸಾಲು. ಜೋಡಿ ಸಿಗದವರನ್ನೂ ಉಳಿಸಿಕೊಳ್ಳಬೇಕು ಅಂದ್ರೆ ಆರಕಲ್‌ನಲ್ಲಿ ಕಂಸದೊಳಗೆ ಪ್ಲಸ್, ಸೈಬೇಸ್‌ನಲ್ಲಿ ನಕ್ಷತ್ರದ ಪಕ್ಕ ಸಮ ಚಿಹ್ನೆ. 1992ರ ಸ್ಟ್ಯಾಂಡರ್ಡ್‌ನಲ್ಲಿ ನಮಗೆ ಗೊತ್ತಿರುವ ಲೆಫ್ಟ್ ಜಾಯಿನ್, ಆನ್ ಎಲ್ಲ ಬಂದವು. ಹಳೇ ಕೋಡ್ ಓದುವಾಗ ಕಾಮಾ ಸಾಲು ಕಂಡ್ರೆ ಗಾಬರಿ ಆಗಬೇಡಿ, ಅದು ಆ ಕಾಲದ ಕೈಬರಹ.

ಭಾಗ 8

ಜಾಯಿನ್ ಬಂದಿದ್ದಕ್ಕೆ ಸಮಸ್ಯೆ ಮುಗೀತಾ? ಇಲ್ಲ. ನನಗೆ ತುಂಬ ಜನ ಕೇಳೋದು ಇದು: "ಎರಡು ಟೇಬಲ್ ಜೋಡಿಸಿದ್ಮೇಲೆ ಮೊತ್ತ ಯಾಕೆ ಜಾಸ್ತಿ ಬರ್ತಿದೆ?"

ಒಬ್ಬ ವಿದ್ಯಾರ್ಥಿ ಫೀಸನ್ನು ಎರಡು ಕಂತಲ್ಲಿ ಕಟ್ಟಿದ್ದಾನೆ: 20,000 ಮತ್ತು 15,000. ಲೈಬ್ರರಿ ದಂಡ ಮೂರು ಸಲ ಕಟ್ಟಿದ್ದಾನೆ. ವಿದ್ಯಾರ್ಥಿ, ಫೀಸ್, ದಂಡ ಮೂರೂ ಟೇಬಲ್ ಒಟ್ಟಿಗೆ ಜಾಯಿನ್ ಮಾಡಿದ್ರೆ ಅವನ ಹೆಸರಿಗೆ 2 ಗುಣಿಸು 3, ಆರು ಸಾಲು. ಪ್ರತಿ ಕಂತೂ ಮೂರು ಸಲ ಬಂತು. ಫೀಸ್ ಮೊತ್ತ 35,000 ಇರಬೇಕಾದ್ದು 1,05,000 ಆಯ್ತು. ಅಕೌಂಟ್ಸ್‌ನವರು ಹೌಹಾರ್ತಾರೆ.

ಆಗ ನಾವು ಮಾಡೋದೇನು? ಡಿಸ್ಟಿಂಕ್ಟ್ ತುರುಕ್ತೀವಿ. ಅದೂ ಮೋಸ. ಇನ್ನೊಬ್ಬಳು 17,500ರ ಎರಡು ಸಮ ಕಂತು ಕಟ್ಟಿದ್ರೆ, ಡಿಸ್ಟಿಂಕ್ಟ್ ಒಂದನ್ನು ನುಂಗಿಬಿಡುತ್ತೆ. ಸರಿಯಾದ ದಾರಿ: ಫೀಸನ್ನು ಮೊದಲೇ ಯುಎಸ್‌ಎನ್ ಪ್ರಕಾರ ಗ್ರೂಪ್ ಬೈ ಮಾಡಿ ಒಬ್ಬರಿಗೆ ಒಂದೇ ಸಾಲು ಮಾಡಿ, ದಂಡಕ್ಕೂ ಹಾಗೇ, ಆಮೇಲೆ ಜೋಡಿಸಿ.

ಕಾಡ್ ಅವರ ಗಣಿತದಲ್ಲಿ ಟೇಬಲ್ ಅಂದ್ರೆ ಗಣ. ಗಣದಲ್ಲಿ ಒಂದೇ ವಸ್ತು ಎರಡು ಸಲ ಇರಲ್ಲ. ಆದರೆ ಪ್ರತಿ ಉತ್ತರದಲ್ಲೂ ನಕಲು ಸಾಲು ತೆಗೆಯೋದು ಅಂದ್ರೆ ಯಂತ್ರಕ್ಕೆ ವಿಪರೀತ ಕೆಲಸ, ಅದೂ ಆ ಕಾಲದ ಯಂತ್ರಕ್ಕೆ. ಅದಕ್ಕೆ ಸಿಸ್ಟಮ್ ಆರ್‌ನವರು ನಕಲನ್ನು ಹಾಗೇ ಬಿಟ್ಟು, ಬೇಡದವರು ಡಿಸ್ಟಿಂಕ್ಟ್ ಅಂತ ಕೇಳಿಕೊಳ್ಳಲಿ ಅಂದರು. ಕಾಡ್‌ಗೆ ಇದು ಕೊನೇವರೆಗೂ ಹಿಡಿಸಲಿಲ್ಲ.

ಗ್ರೂಪ್ ಬೈನಲ್ಲಿ ಇಲ್ಲದ ಕಾಲಮ್ ಸೆಲೆಕ್ಟ್‌ನಲ್ಲಿ ಹಾಕಿದ್ರೆ ಮೈಎಸ್‌ಕ್ಯೂಎಲ್ ಎರರ್ ಕೊಡುತ್ತಲ್ಲ, ಅದರ ಬಗ್ಗೆ ಒಂದೇ ಮಾತು. 5.7ಕ್ಕಿಂತ ಹಳೇ ಆವೃತ್ತಿಗಳು ಡೀಫಾಲ್ಟ್ ಆಗಿ ಎರರ್ ಕೊಡದೆ ಗುಂಪಿನ ಯಾವುದೋ ಒಂದು ಸಾಲಿನ ಮೌಲ್ಯ ಹಾಕಿ ಸುಮ್ಮನಾಗ್ತಿದ್ದವು. ಈಗಿನ ಎರರ್‌ಗೆ ಬೈಯಬೇಡಿ, ಅದು ಕಾಪಾಡ್ತಿದೆ.

ಭಾಗ 9

ಈಗ ನನ್ನ ಸೊನ್ನೆಗೆ ಬರೋಣ.

ನಿಜ ಜೀವನದ ಟೇಬಲ್‌ನಲ್ಲಿ ಖಾಲಿ ಜಾಗ ಇರುತ್ತೆ. ಒಬ್ಬನ ಫೋನ್ ನಂಬರ್ ಗೊತ್ತಿಲ್ಲ, ಇನ್ನೊಬ್ಬನಿಗೆ ಫೋನೇ ಇಲ್ಲ. ಏನು ಬರೀಬೇಕು? ಹಳೇ ಪ್ರೋಗ್ರಾಮರ್‌ಗಳು 0, 9999 ಅಂತ ಏನೋ ತುಂಬುತ್ತಿದ್ದರು. ಆಮೇಲೆ ಯಾರೋ ಸರಾಸರಿ ತೆಗೆದಾಗ ಆ 9999 ಕೂಡ ಸೇರಿಕೊಂಡು ಅಧ್ವಾನ. ಇದಕ್ಕೆ ಬಂದ ಉತ್ತರ ನಲ್. 1979ರ ಒಂದು ಪ್ರಬಂಧದಲ್ಲಿ ಕಾಡ್ ಇದರ ತರ್ಕವನ್ನು ವಿವರವಾಗಿ ಇಟ್ಟರು. ನಿಜ, ಸುಳ್ಳು ಎರಡೇ ಅಲ್ಲ, ಮೂರನೆಯದು "ಗೊತ್ತಿಲ್ಲ". ಗೊತ್ತಿಲ್ಲದ್ದನ್ನು ಯಾವುದಕ್ಕೆ ಹೋಲಿಸಿದರೂ ಉತ್ತರ ಗೊತ್ತಿಲ್ಲ. ನಲ್‌ಗೆ ನಲ್ ಸಮವಾ? ಅದೂ ಗೊತ್ತಿಲ್ಲ. ನಿಮಗೆ ಗೊತ್ತಿರದ ಇಬ್ಬರ ವಯಸ್ಸು ಒಂದೇನಾ ಅಂತ ಕೇಳಿದ್ರೆ ನೀವೇನು ಹೇಳ್ತೀರಿ? ಅದೇ. ಹಾಗಾಗಿಯೇ "= ನಲ್" ಅಂತ ಬರೆದ್ರೆ ಏನೂ ಬರಲ್ಲ, "ಈಸ್ ನಲ್" ಅಂತಲೇ ಬರೀಬೇಕು.

ಕಾಡ್ ಅವರ ಗೆಳೆಯ, ಅವರ ವಿಚಾರವನ್ನು ಪಠ್ಯಪುಸ್ತಕಗಳ ಮೂಲಕ ಜಗತ್ತಿಗೆ ಹಂಚಿದ ಕ್ರಿಸ್ ಡೇಟ್ ಮಾತ್ರ ಇದನ್ನು ಒಪ್ಪಲಿಲ್ಲ. ನಲ್ ಬಂದ್ರೆ ತರ್ಕವೇ ಕೆಡುತ್ತೆ ಅಂತ ವರ್ಷಗಟ್ಟಲೆ ವಾದಿಸಿದರು. ಕಾಡ್ ಹಿಂದೆ ಸರಿಯಲಿಲ್ಲ, ಉಲ್ಟಾ ಇನ್ನೊಂದು ಹೆಜ್ಜೆ ಮುಂದೆ ಹೋದರು: 1990ರ ಪುಸ್ತಕದಲ್ಲಿ "ಇದೆ, ಆದರೆ ಗೊತ್ತಿಲ್ಲ" ಮತ್ತು "ಅನ್ವಯಿಸುವುದೇ ಇಲ್ಲ" ಎಂದು ಎರಡು ಬೇರೆ ಗುರುತು ಬೇಕು ಅಂದರು. ಅದನ್ನು ಎಸ್‌ಕ್ಯೂಎಲ್ ತೆಗೆದುಕೊಳ್ಳಲಿಲ್ಲ. ನಮ್ಮ ಹತ್ತಿರ ಇರೋದು ಒಂದೇ ನಲ್.

ಈಗ ಲೆಕ್ಕ ಮಾಡಿ. ದಾಖಲೆ ಟೇಬಲ್‌ನಲ್ಲಿ ಯುಎಸ್‌ಎನ್ 11, 12, ಮತ್ತು ಒಂದು ನಲ್ ಇದೆ. 15ನೇ ನಂಬರಿನವನು ದಾಖಲೆ ಕೊಟ್ಟಿಲ್ಲ. "15 ನಾಟ್ ಇನ್ (11, 12, ನಲ್)" ಅನ್ನೋದನ್ನು ಯಂತ್ರ ಹೀಗೆ ಬಿಡಿಸುತ್ತೆ:

15 ಮತ್ತು 11 ಬೇರೆಯಾ? ನಿಜ.
15 ಮತ್ತು 12 ಬೇರೆಯಾ? ನಿಜ.
15 ಮತ್ತು ನಲ್ ಬೇರೆಯಾ? ಗೊತ್ತಿಲ್ಲ.

ಮೂರೂ ನಿಜ ಆದ್ರೆ ಮಾತ್ರ ಒಟ್ಟು ನಿಜ. ಇಲ್ಲಿ ಒಟ್ಟು "ಗೊತ್ತಿಲ್ಲ". ವೇರ್ ಅನ್ನೋ ಬಾಗಿಲು ನಿಜ ಅಂತ ಖಚಿತವಾದ ಸಾಲನ್ನು ಮಾತ್ರ ಒಳಗೆ ಬಿಡುತ್ತೆ. 15 ಹೊರಗೆ. 16 ಹೊರಗೆ. ಎಲ್ಲರೂ ಹೊರಗೆ. ಒಂದೇ ಒಂದು ನಲ್ ಇದ್ದರೆ ಸಾಕು, ಟೇಬಲ್‌ನಲ್ಲಿ ಲಕ್ಷ ಜನ ಇದ್ದರೂ ಉತ್ತರ ಸೊನ್ನೆ. ಎರರ್ ಬರಲ್ಲ, ಯಾಕಂದ್ರೆ ಯಂತ್ರದ ಲೆಕ್ಕದಲ್ಲಿ ತಪ್ಪೇ ಆಗಿಲ್ಲ.

ಲೆಫ್ಟ್ ಜಾಯಿನ್ ಮಾಡಿಯೂ ಫೀಸ್ ಕಟ್ಟದವರು ಮಾಯ ಆಗ್ತಾರಲ್ಲ, ಅದೂ ಇದೇ ಬಾಗಿಲ ಕೆಲಸ. ಫೀಸ್ ಇಲ್ಲದವರ ಸಾಲಲ್ಲಿ ವರ್ಷ ನಲ್ ಆಗಿರುತ್ತೆ, ವೇರ್‌ನಲ್ಲಿ "ಫೀಸ್.ವರ್ಷ = 2024" ಅಂದ ತಕ್ಷಣ ಅವರೆಲ್ಲ ಔಟ್. ಆ ಷರತ್ತನ್ನು ಆನ್ ಪಕ್ಕಕ್ಕೆ ಎತ್ತಿಡಿ, ವಾಪಸ್ ಬರ್ತಾರೆ.

ಭಾಗ 10

ನಮ್ಮ ಟೇಬಲ್‌ನಲ್ಲಿ ಆ ನಲ್ ಹಾಕಿದ್ದು ಯಾರು ಅಂತ ನೋಡಿದೆ. ನಾನೇ. ಫಾರಂ ಓಡುತ್ತಾ ಅಂತ ಪರೀಕ್ಷಿಸೋಕೆ ಯುಎಸ್‌ಎನ್ ಖಾಲಿ ಬಿಟ್ಟು ಒಂದು ಸಾಲು ಸೇರಿಸಿ, ಅಳಿಸೋದು ಮರೆತಿದ್ದೆ. ಆ ಕಾಲಮ್‌ಗೆ ನಾಟ್ ನಲ್ ಅಂತ ಎರಡು ಪದ ಸೇರಿಸಿದ್ದಿದ್ರೆ ಆ ಸಾಲು ಒಳಗೇ ಬರ್ತಿರಲಿಲ್ಲ.

ಆ ಹುಡುಗನ ಹತ್ತಿರ ಹೋಗಿ ಹೇಳಿದೆ, ತಪ್ಪು ನಂದೇ ಅಂತ. ನಲ್ ಗಿಲ್ ಏನೂ ವಿವರಿಸಲಿಲ್ಲ, ಅವನಿಗೆ ಅದರಿಂದ ಏನಾಗಬೇಕಿತ್ತು? ಆ ವರ್ಷದ ಸ್ಕಾಲರ್‌ಶಿಪ್ ಹೋಗಿದ್ದು ಹೋಯ್ತು. ಅವರಪ್ಪ ಸಾಲ ಮಾಡಿ ಫೀಸ್ ಕಟ್ಟಿದರು. ಮುಂದಿನ ವರ್ಷದ ಅರ್ಜಿಗೆ ನಾನೇ ಅವನ ಜೊತೆ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರ ಮಾಡಿಸಿಕೊಂಡು ಬಂದೆ.

ಕ್ವೆರಿಯನ್ನು ಆ ಸಂಜೆಯೇ ಹೀಗೆ ಬರೆದಿದ್ದೆ:

ಸೆಲೆಕ್ಟ್ ವಿ.ಹೆಸರು
ಫ್ರಮ್ ವಿದ್ಯಾರ್ಥಿ ವಿ
ವೇರ್ ನಾಟ್ ಎಕ್ಸಿಸ್ಟ್ಸ್
(ಸೆಲೆಕ್ಟ್ 1 ಫ್ರಮ್ ದಾಖಲೆ ದಾ
ವೇರ್ ದಾ.ಯುಎಸ್‌ಎನ್ = ವಿ.ಯುಎಸ್‌ಎನ್)

ಇಲ್ಲಿ ಪ್ರಶ್ನೆ ಬೇರೆ: "ಇವನ ಹೆಸರಿಗೆ ಹೊಂದುವ ಸಾಲು ಒಂದಾದರೂ ಇದೆಯಾ?" ನಲ್ ಸಾಲು ಯಾರಿಗೂ ಹೊಂದಲ್ಲ, ಹಾಗಾಗಿ ಯಾರನ್ನೂ ತಡೆಯಲ್ಲ. ಅದೇ ಟೇಬಲ್, ಆ ನಲ್ ಸಾಲನ್ನೂ ಬೇಕಂತಲೇ ಅಳಿಸದೆ ಓಡಿಸಿ ನೋಡಿದೆ. 9 ಹೆಸರು ಬಂದವು. ನಾಲ್ಕನೆಯದು ಅವನದು. ಉಳಿದ ಎಂಟು ಜನಕ್ಕೂ ಅವತ್ತೇ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಅದೃಷ್ಟಕ್ಕೆ ಆರು ಜನ ತಾವಾಗಿಯೇ ಹೋಗಿ ಕಚೇರಿಯಲ್ಲಿ ಕೊಟ್ಟು ಬಂದಿದ್ದರು, ನಮ್ಮ ಫಾರಂ ತುಂಬಿರಲಿಲ್ಲ ಅಷ್ಟೇ.

ನಿಮ್ಮ ಪ್ರಾಜೆಕ್ಟ್‌ನಲ್ಲಿ ನಾಟ್ ಇನ್ ಎಲ್ಲಾದರೂ ಇದ್ರೆ ಇವತ್ತೇ ಒಂದು ಸಲ ತೆಗೆದು ನೋಡಿ, ಒಳಗಿನ ಕಾಲಮ್ ನಲ್ ಆಗಬಹುದಾ ಅಂತ. ಮುಂದಿನ ಸರಣಿ ಇಂಡೆಕ್ಸ್ ಬಗ್ಗೆ, ಸೆಮ್ ಎಕ್ಸಾಮ್ ಮುಗಿದ ಮೇಲೆ.